ಗ್ವಾಡಿ ದೊರೆಸಾನಿಯ ದುಭಾಷಿ

೪ ನವೆಂಬರ್ ೧೮೯೫, ಬಳ್ಳಾರಿ

ಇವತ್ತಿನಿಂದ ದಿನಚರಿ ಬರೆಯಬೇಕೆಂದು ತೀರ್ಮಾನಿಸಿದ್ದೇನೆ. ದೊಡ್ಡ ಮನುಷ್ಯರೆಲ್ಲ ಬರೆಯುತ್ತಾರಂತೆ. ಇಂಗ್ಲಿಷು, ಕನ್ನಡ, ತೆಲುಗು, ಹಿಂದೂಸ್ತಾನಿ ನಾಲ್ಕನ್ನೂ ಅತ್ತಿಂದಿತ್ತ ಇತ್ತಿಂದತ್ತ ತಡವರಿಸದೆ ಮಾಡಬಲ್ಲ ದುಭಾಷಿ ಯಾರೆಂದು ಕೇಳಿದರೆ, ಕೋಟೆಯಿಂದ ಕೌಲ್ ಬಜಾರಿನವರೆಗೆ ಎಲ್ಲರೂ ಹಾಲಸಿದ್ದಪ್ಪನ ಮನೆ ತೋರಿಸುತ್ತಾರೆ. ಅಂಥವನ ದಿನಗಳು ಸುಮ್ಮನೆ ಹಾಳಾಗಬಾರದು. ಅಲ್ಲದೆ ಸಂಜೆ ಹೊತ್ತು ಮನೆಯಲ್ಲಿ ಮಾತಾಡಿಸಲು ಯಾರೂ ಇಲ್ಲ.

ಚನ್ನವೀರಮ್ಮ ತವರಿಗೆ ಹೋಗಿದ್ದಾಳೆ, ಸಿರುಗುಪ್ಪಕ್ಕೆ. ಕಾರಣ ಬರೆದಿಡುವಷ್ಟು ದೊಡ್ಡದಲ್ಲ. ಸುಣ್ಣದ ವಿಷಯ. ದೀಪಾವಳಿಗೆ ಮುಂಚೆ ಅವಳು ಹಲಕುಂದಿ ಮಠಕ್ಕೆ ಹೋಗಿದ್ದಳು. ಕಚೇರಿಯ ದೊಡ್ಡವರೊಬ್ಬರನ್ನು ಊಟಕ್ಕೆ ಕರೆದಿದ್ದೆ, ಆಳು ಹಚ್ಚಿ ಇಡೀ ಮನೆಗೆ ಸುಣ್ಣ ಬಳಿಸಿದೆ. ಪಡಸಾಲೆಯ ಗೋಡೆಯ ಮೇಲೆ ಅವಳು ಕೆಮ್ಮಣ್ಣಿನಲ್ಲಿ ಏನೇನೋ ಬರೆದುಕೊಂಡಿದ್ದಳು, ಗಿಳಿ, ಬಳ್ಳಿ, ಎತ್ತು ಇತ್ಯಾದಿ. ಅದಕ್ಕೂ ಬಳಿದರು. ಸುಣ್ಣ ಬಳಿಯುವವನು ಗಿಳಿಯನ್ನು ಬಿಟ್ಟು ಬಳಿಯುತ್ತಾನೆಯೇ? ಅವಳು ಬಂದಳು, ಗೋಡೆಯ ಮುಂದೆ ನಿಂತಳು, ಒಳಗೆ ಹೋಗಿ ಸೀರೆ ಗಂಟು ಕಟ್ಟಿದಳು. "ಗಾಡಿಗೆ ಹೇಳಿ ಕಳಸ್ರಿ" ಅಂದಳು, ಅಷ್ಟೇ. ಬಾಯಿ ಮಾಡಿದ್ದರೆ ತಕ್ಕ ಉತ್ತರ ಕೊಡುತ್ತಿದ್ದೆ. ಊಟಕ್ಕೆ ಕರೆದವರೂ ಕೊನೆಗೆ ಬರಲಿಲ್ಲ.

ಇರಲಿ. ನಾಲ್ಕು ದಿನ ತಣ್ಣಗಾಗಲಿ, ತಾನೇ ಬರುತ್ತಾಳೆ. ಇವತ್ತು ನುಚ್ಚು ಕುದಿಸಿದೆ. ತಳ ಹಿಡಿಯಿತು.

೯ ನವೆಂಬರ್

ಸಾಹುಕಾರ ಮರಿಬಸಪ್ಪನವರು ಹೇಳಿ ಕಳಿಸಿದ್ದರು. ಹತ್ತಿಯಲ್ಲಿ ಬೆಳೆದವರು, ರೈಲ್ವೆ ಸ್ಟೇಷನ್ನಿನ ಹತ್ತಿರ ಹೊಸ ಛತ್ರ ಕಟ್ಟಿಸಿದ್ದಾರೆ. ಅದರ ನಡುಮನೆಯ ದೊಡ್ಡ ಗೋಡೆಗೆ ಚಿತ್ರ ಬರೆಸಬೇಕಂತೆ. ಆದೋನಿಯ ಯಾರೋ ಸಾಹುಕಾರರು ತಮ್ಮ ಛತ್ರಕ್ಕೆ ಆಳೆತ್ತರದ ಕನ್ನಡಿ ಹಾಕಿಸಿದ್ದಾರೆ. ಅಂದಿನಿಂದ ಇವರಿಗೆ ನಿದ್ದೆ ಇಲ್ಲ.

"ಬರಿಯಾಕ ಅಮೇರಿಕಾದಿಂದ ಬಂದಾರ್ರೀ ಹಾಲಸಿದ್ದಪ್ಪನವರ. ನೀವು ಅವರ ಬಾಯಿ ಆಗಬೇಕು," ಅಂದರು.

ಗಡ್ಡದ ದೊರೆಯೊಬ್ಬರು ಇರಬಹುದೆಂದು ಒಳಗೆ ಹೋದೆ. ಏಣಿಯ ಮೇಲಿಂದ ಇಳಿದದ್ದು ಒಬ್ಬ ಹೆಂಗಸು! ನಲವತ್ತು ದಾಟಿದೆ. ಹುಲ್ಲಿನ ಟೋಪಿ, ಮೊಣಕೈವರೆಗೆ ಮಡಿಚಿದ ತೋಳು, ಮೂಗಿನ ಮೇಲೆ ಸುಣ್ಣ. ಹೆಸರು ಮಿಸ್ ವಿಟ್ಕಂ. ಸಾಹುಕಾರರ ಹತ್ತಿ ಕಾರ್ಖಾನೆಯ ಯಂತ್ರ ನೋಡಿಕೊಳ್ಳುವ ಸಾಹೇಬರ ಅಕ್ಕ. ತಮ್ಮನನ್ನು ನೋಡಲು ಬಂದವರು ಖಾಲಿ ಗೋಡೆ ನೋಡಿ ನಿಂತುಬಿಟ್ಟಿದ್ದಾರೆ. ಅವರ ದೇಶದಲ್ಲಿ ಊರೂರಿನ ಸಭಾಂಗಣ, ಪುಸ್ತಕ ಭಂಡಾರಗಳ ಗೋಡೆಗೆ ಚಿತ್ರ ಬರೆಯುವುದೇ ಅವರ ಕೆಲಸವಂತೆ.

"ನಿಮ್ಮಲ್ಲಿ ಕಾಗದ ಸಿಗುವುದಿಲ್ಲವೇ?" ಎಂದು ಕೇಳಿದೆ. ಬಹಳ ಹೊತ್ತು ನಕ್ಕರು. ನಾನು ತಮಾಷೆಗೆ ಕೇಳಿರಲಿಲ್ಲ.

ಗಾರೆ ಕೆಲಸಕ್ಕೆ ಕೌಲ್ ಬಜಾರಿನ ಕರೀಮಸಾಬ್ ಮೇಸ್ತ್ರಿ ಬಂದಿದ್ದಾನೆ. ಹಳೆಯ ಪರಿಚಯ, ಬಾಯಿ ಸುಮ್ಮನಿರುವುದಿಲ್ಲ. "ದುಭಾಷಿ ಸಾಹೇಬ್ರ, ಈ ಅಮ್ಮಾರು ಏಣಿ ಮ್ಯಾಲಿಂದ ಜಾರಿದ್ರ ಯಾವ ಭಾಷಾದಾಗ ಕೂಗ್ತಾರ, ಅದನ್ನ ಮೊದಲ ಕಲಿಸ್ರಿ. ಹಿಡಿಯಾಕ ಬೇಕಾಗ್ತೈತಿ," ಅಂದ. ಗೋಡೆಗೆ ಬರೆಯುತ್ತಾರಲ್ಲ, ಊರವರು ಆಗಲೇ ಹೆಸರಿಟ್ಟಿದ್ದಾರೆ, ಗ್ವಾಡಿ ದೊರೆಸಾನಿ ಎಂದು.

೧೪ ನವೆಂಬರ್

ಈ ಕೆಲಸದ ರೀತಿಯೇ ಬೇರೆ. ಬೆಳಿಗ್ಗೆ ಕರೀಮಸಾಬ್ ಗೋಡೆಗೆ ಒಂದು ತುಂಡು ಹಸಿ ಗಿಲಾವು ಹಚ್ಚುತ್ತಾನೆ, ದೊರೆಸಾನಿ ಸಂಜೆಯೊಳಗೆ ಎಷ್ಟು ಬರೆಯಬಲ್ಲರೋ ಅಷ್ಟೇ. ಗಿಲಾವು ಹಸಿ ಇರುವಾಗಲೇ ಬಣ್ಣ ಕೂಡಬೇಕು. ಸುಣ್ಣ ಒಮ್ಮೆ ಬಣ್ಣ ಕುಡಿಯಿತೆಂದರೆ ಮುಗಿಯಿತು, ತೊಳೆದರೂ ಹೋಗುವುದಿಲ್ಲ, ತಿದ್ದಲೂ ಬರುವುದಿಲ್ಲ. ತಪ್ಪಾದರೆ ಗಿಲಾವನ್ನೇ ಕೆತ್ತಿ ತೆಗೆಯಬೇಕು.

ಗೋಡೆಯ ತುಂಬ ಹತ್ತಿ ಹೊಲ, ಬಂಡಿಗಳು, ತಕ್ಕಡಿ, ಜನ. ನಡುವೆ ಹತ್ತಿಯನ್ನು ಮಡಿಲು ತುಂಬಿಕೊಂಡ ಎತ್ತರದ ಹೆಣ್ಣುಮಗಳು. ಜನರ ಮುಖಗಳನ್ನು ಬಜಾರಿನಿಂದಲೇ ಆರಿಸಿಕೊಳ್ಳುತ್ತಾರಂತೆ. ಈ ಮಾತು ಕೇಳಿದ ಮೇಲೆ ನಾನು ಯೋಚಿಸಿದೆ. ಛತ್ರಕ್ಕೆ ನೂರು ವರ್ಷ ಜನ ಬರುತ್ತಾರೆ. ಅಷ್ಟು ಜನ ನೋಡುವ ಗೋಡೆಯ ಮೇಲೆ ಓದು ಬರಹ ಬಲ್ಲ ಒಂದಾದರೂ ಮುಖ ಬೇಡವೇ? ನನಗಾಗಿ ಅಲ್ಲ, ಊರಿನ ಮರ್ಯಾದೆಗಾಗಿ ಹೇಳುತ್ತಿದ್ದೇನೆ.

ನಾಳೆ ಜರಿ ಅಂಚಿನ ರುಮಾಲು ಸುತ್ತಿಕೊಂಡು ಹೋಗುತ್ತೇನೆ.

೧೫ ನವೆಂಬರ್

ರುಮಾಲಿನ ಮೇಲೆ ಸುಣ್ಣ ಬಿತ್ತು. ದೊರೆಸಾನಿ ಹಮಾಲರ ಮುಖ ಬರೆದುಕೊಂಡರು.

೨೦ ನವೆಂಬರ್

ಸಿರುಗುಪ್ಪದಿಂದ ಸುದ್ದಿ ಇಲ್ಲ. ಬಂಡಿ ಇಮಾಮಸಾಬನ ಕೈಲಿ ಹೇಳಿ ಕಳಿಸಿದ್ದೆ, ಮನೆಯಲ್ಲಿ ಕೆಲಸ ಬಹಳ ಬಿದ್ದಿದೆ, ಬರುವುದು ಎಂದು. ಗಂಭೀರವಾದ ಮಾತು, ಸಿಟ್ಟಿಲ್ಲ, ಬೇಡಿಕೆಯೂ ಇಲ್ಲ. ಇವತ್ತು ಇಮಾಮಸಾಬ್ ಉತ್ತರ ತಂದ. ಹೇಳಲು ನಾಚಿಕೊಂಡು ಎತ್ತಿನ ಕಡೆ ತಿರುಗಿ ಹೇಳಿದ.

"ಸುಣ್ಣ ಬಳಿದವರನ್ನ ಕರಸ್ರಿ, ಅವರು ಮಾಡ್ತಾರ ಅಂದ್ರು ನೋಡ್ರಿ."

ರೊಟ್ಟಿ ಬಡಿಯಲು ಕೂತೆ. ಮೊದಲನೆಯದು ಒಡೆಯಿತು, ಎರಡನೆಯದು ಅಂಟಿತು. ಮೂರನೆಯದನ್ನು ನಾಯಿ ಮೂಸಿ ನೋಡಿ ಹೋಯಿತು. ಈ ಮನೆಯಲ್ಲಿ ಈಗ ಸದ್ದೇ ಇಲ್ಲ. ಮೊದಲೂ ಅವಳು ಹೆಚ್ಚು ಮಾತಾಡುತ್ತಿರಲಿಲ್ಲ ಎಂದುಕೊಂಡಿದ್ದೆ. ಮಾತಾಡುತ್ತಿದ್ದಳೋ ಏನೋ, ನಾನು ಪೇಪರು ಓದುತ್ತಿದ್ದೆ.

೨೮ ನವೆಂಬರ್

ದೊರೆಸಾನಿಗೆ ಚಿತ್ರದ ಸುತ್ತ ಅಂಚು ಬೇಕಾಗಿದೆ. ತಮ್ಮ ದೇಶದ ಎಲೆಬಳ್ಳಿ ಬರೆದು ನೋಡಿದರು, ಮನಸ್ಸಿಗೆ ಬರಲಿಲ್ಲ. ಇಲ್ಲಿಯ ಹೆಂಗಸರು ಮನೆಗೋಡೆಗೆ ಬರೆಯುತ್ತಾರಲ್ಲ, ಅದರಲ್ಲಿ ಕೈ ಪಳಗಿದವರು ಯಾರು ಎಂದು ಕೇಳಿಸಿದರು. ನಾನು ಕರೀಮಸಾಬನಿಗೆ ಪ್ರಶ್ನೆ ಹಾಕಿದೆ. ಅವನು ಗಿಲಾವು ತಿಕ್ಕುತ್ತ ತಿರುಗಿಯೂ ನೋಡದೆ ಹೇಳಿದ.

"ಸಿರುಗುಪ್ಪದಾಗ ಒಬ್ಬಾಕಿ ಅದಾಳ ಅಂತ ಹೇಳ್ರಿ. ಆಕಿಯಂಗ ಎತ್ತು ಬರಿಯಾವ್ರು ಈ ಜಿಲ್ಲಾದಾಗ ಇಲ್ಲ. ಎಲ್ಲಿ ಇರ್ತಾರ ಅಂತ ನಿಮಗ ಗೊತ್ತಲ್ಲ?"

ಹಲ್ಲು ಕಿರಿದ. ದುಭಾಷಿಯಾದವನು ಕೇಳಿದ ಮಾತನ್ನು ಮುಚ್ಚಿಡಬಾರದು. ಹೇಳಿದೆ. ನಾಡಿದ್ದು ಗಾಡಿ ಹೂಡುತ್ತಾರಂತೆ.

೨ ಡಿಸೆಂಬರ್, ಸಿರುಗುಪ್ಪ

ದಾರಿಯಲ್ಲಿ ಸಿರಿಗೇರಿಯಲ್ಲಿ ಒಂದು ರಾತ್ರಿ ಕಳೆದು, ನಿನ್ನೆ ಸಂಜೆ ಬಂದು ಮುಸಾಫರಿ ಬಂಗಲೆಯಲ್ಲಿ ಇಳಿದೆವು. ಇವತ್ತಿನದನ್ನು ಪೂರ್ತಿ ಬರೆಯಬೇಕು.

ಮಾವನವರ ಮನೆಯ ಹೊರಗೋಡೆಯ ಮೇಲೆ, ಬಾಗಿಲಿನ ಎರಡೂ ಕಡೆ, ಹೊಸದಾಗಿ ಎತ್ತುಗಳ ಸಾಲು. ಕೆಮ್ಮಣ್ಣು, ಸುಣ್ಣ, ನಡುನಡುವೆ ಮಸಿ. ಒಂದು ಎತ್ತು ಹಿಂದಕ್ಕೆ ತಿರುಗಿ ನೋಡುತ್ತಿತ್ತು. ದೊರೆಸಾನಿ ಗಾಡಿಯಿಂದ ಇಳಿದವರು ಟೋಪಿ ತೆಗೆದು ಅಲ್ಲೇ ನಿಂತರು. ನಾನೂ ನಿಂತೆ. ಬೇರೆ ಏನು ಮಾಡಲಿ?

ಚನ್ನವೀರಮ್ಮ ಹೊರಗೆ ಬಂದಳು. ನನ್ನನ್ನು ನೋಡಿದಳು, ಮೇಲಿಂದ ಕೆಳಗೆ. ಸೊರಗಿದ್ದೀರಿ ಅನ್ನಬಹುದು ಎಂದುಕೊಂಡೆ, ನಿಜವಾಗಿ ಸೊರಗಿದ್ದೇನೆ. ಅನ್ನಲಿಲ್ಲ. ದೊರೆಸಾನಿಗೆ ಕೈ ಮುಗಿದಳು. ಈಕೆ ನನ್ನ ಹೆಂಡತಿ ಎಂದು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಮಾತು ದಾಟಿಸುವವನಿಗೆ ನಡುವೆ ಸ್ವಂತದ್ದೇನೂ ಇರಬಾರದು ಎಂಬುದು ಒಂದು. ಯಾಕೆ ಇಲ್ಲಿದ್ದಾಳೆ ಎಂದು ದೊರೆಸಾನಿ ಕೇಳಿದರೆ ಹೇಳುವುದೇನು ಎಂಬುದು ಇನ್ನೊಂದು. ಅವಳೂ ಹೇಳಲಿಲ್ಲ. ಮಾವನವರು ಎಲೆಅಡಿಕೆ ತರಲು ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ಯಾವಾಗಿನಿಂದ ಬರೆಯುತ್ತೀರಿ ಎಂದು ದೊರೆಸಾನಿ ಕೇಳಿದರು. ಕನ್ನಡದಲ್ಲಿ ಕೇಳಿದೆ. ನನ್ನ ಮುಖ ನೋಡದೆ ಉತ್ತರ ಹೇಳಿದಳು.

"ಅಮ್ಮಾರಿಗೆ ಹೇಳ್ರಿ, ಸಣ್ಣಾಕಿ ಇದ್ದಾಗಿಂದ. ಬಳ್ಳಾರ್ಯಾಗ ಹದಿನೆಂಟು ವರ್ಷ ಒಂದು ಗ್ವಾಡಿ ಇತ್ತು. ವರ್ಷಾ ವರ್ಷಾ ಸ್ವಲ್ಪ ಸ್ವಲ್ಪ ಬೆಳಸಿದ್ದೆ. ಅದರ ಮ್ಯಾಲ ಸುಣ್ಣ ಬಳದ್ರು."

ಹೇಳಿದೆ. ದೊರೆಸಾನಿಯ ಮುಖ ಕೆಂಪಾಯಿತು. ಯಾರು ಬಳಿದವರು ಎಂದರು.

"ಯಾರೋ ಬಾಳ ಓದಿದವರಂತ."

ಅದನ್ನೂ ಹೇಳಿದೆ. ದೊರೆಸಾನಿ ಇಂಗ್ಲಿಷಿನಲ್ಲಿ ಒಂದೇ ಸಮನೆ ಮಾತಾಡಿದರು. ಅಂಥ ಮನುಷ್ಯನ ತಲೆಯಲ್ಲಿ ಏನಿದೆ, ಅವನಿಗೆ ಕಣ್ಣು ಕೊಟ್ಟದ್ದು ಯಾಕೆ, ಅವನನ್ನು ಅದೇ ಗೋಡೆಗೆ ಒರಗಿಸಿ ನಿಲ್ಲಿಸಿ ಅವನಿಗೇ ಎರಡು ಕೈ ಸುಣ್ಣ ಬಳಿಯಬೇಕು, ಹೀಗೆ.

"ಹಂಗ ಮಾಡಿದ್ದು ಸರಿ ಅಲ್ಲಂತ," ಅಂದೆ.

"ಪೂರಾ ಹೇಳ್ರಿ. ಅಮ್ಮಾರು ಬಾಳ ಉದ್ದ ಮಾತಾಡಿದ್ರು."

ಪೂರ್ತಿ ಹೇಳಿದೆ. ಹೆಂಡತಿಯ ಮುಂದೆ, ಮಾವನ ಮನೆ ಅಂಗಳದಲ್ಲಿ, ನನ್ನ ಬಾಯಿಂದಲೇ. ಸುಣ್ಣ ಬಳಿಯುವ ಭಾಗಕ್ಕೆ ಬಂದಾಗ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅತ್ತಳೋ ನಕ್ಕಳೋ ತಿಳಿಯಲಿಲ್ಲ.

ಆಮೇಲೆ ದೊರೆಸಾನಿ ತಮ್ಮ ಕಥೆ ಹೇಳಿದರು. ಅವರ ದೇಶದಲ್ಲಿ ಎರಡು ವರ್ಷದ ಕೆಳಗೆ ದೊಡ್ಡ ವಸ್ತುಪ್ರದರ್ಶನ ನಡೆಯಿತಂತೆ. ಅಲ್ಲಿಯ ಒಂದು ಕಟ್ಟಡದಲ್ಲಿ ಇವರು ಉದ್ದನೆಯ ಗೋಡೆಯೊಂದಕ್ಕೆ ಚಿತ್ರ ಬರೆದಿದ್ದರು. ಪ್ರದರ್ಶನ ಮುಗಿದದ್ದೇ ಕಟ್ಟಡ ಕೆಡವಿದರು. ಕೆಡವುತ್ತೇವೆಂದು ಇವರಿಗೆ ಹೇಳಲೂ ಇಲ್ಲ, ಹೋಗಿ ನೋಡಿದರೆ ಇಟ್ಟಿಗೆ. ನಾನು ಹೇಳಿ ಮುಗಿಸುವ ಮೊದಲೇ ಚನ್ನವೀರಮ್ಮ ಎದ್ದು ಒಳಗಿಂದ ನೀರು ಬೆಲ್ಲ ತಂದು ಅವರ ಮುಂದೆ ಇಟ್ಟಳು. ನನಗೂ ಒಂದು ಲೋಟ ಇತ್ತು, ಬೆಲ್ಲ ಇರಲಿಲ್ಲ.

ಅಂಚು ಬರೆಯಲು ಬಳ್ಳಾರಿಗೆ ಬರುತ್ತಾಳಂತೆ! ಇಳಿದುಕೊಳ್ಳುವುದು ಮಾತ್ರ ಛತ್ರದ ಹಿಂದಿನ ಓಣಿಯಲ್ಲಿ, ಅವಳ ದೊಡ್ಡಮ್ಮನ ಮಗಳು ಹಂಪಕ್ಕನ ಮನೆಯಲ್ಲಿ. "ಅಮ್ಮಾರಿಗೆ ಹೇಳ್ರಿ, ಅಲ್ಲಿ ಬರಿಯಾಕ ಖಾಲಿ ಗ್ವಾಡಿ ಇಲ್ಲ, ಸುಣ್ಣ ಬಳಿತಾರಂತ ಭಯಾನೂ ಇಲ್ಲ," ಅಂದಳು.

೧೦ ಡಿಸೆಂಬರ್, ಬಳ್ಳಾರಿ

ಬಂದಳು. ಒಂದು ವೇಳೆ ಮನೆ ಕಡೆ ಬಂದರೆ ಎಂದು ಅಂಗಳ ಗುಡಿಸಿ, ನೀರು ತುಂಬಿಸಿ, ಹಂಡೆ ಉಜ್ಜಿ ಇಟ್ಟಿದ್ದೆ. ಬರಲಿಲ್ಲ. ಹಂಡೆ ಇಷ್ಟು ಹೊಳೆಯುತ್ತದೆಂದು ಗೊತ್ತಿರಲಿಲ್ಲ.

೧೩ ಡಿಸೆಂಬರ್

ದೊರೆಸಾನಿ ಮೊದಲು ಕಾಗದದ ಮೇಲೆ ಚಿತ್ರ ಬರೆದು, ಗೆರೆಯ ಗುಂಟ ಸೂಜಿಯಿಂದ ತೂತು ಚುಚ್ಚಿ, ಆ ಕಾಗದ ಗೋಡೆಗೆ ಹಿಡಿದು ಇದ್ದಿಲ ಪುಡಿ ತಟ್ಟುತ್ತಾರೆ. ಚುಕ್ಕಿಗಳು ಗೋಡೆಗೆ ಇಳಿಯುತ್ತವೆ. ಚನ್ನವೀರಮ್ಮ ಅದನ್ನು ನೋಡಿ ಮರುಗಿದಳು.

"ಅಮ್ಮಾರಿಗೆ ಕೈ ನಡುಗ್ತೈತೇನು, ಕೇಳ್ರಿ. ಕಾಗದ ಹಿಡಕೊಂಡು ಬರೀತಾರಲ್ಲ, ಪಾಪ."

ಕೇಳಿದೆ. ದೊರೆಸಾನಿ ಏಣಿಯ ಮೇಲೆ ಕೂತು ಕಣ್ಣೀರು ಬರುವಂತೆ ನಕ್ಕರು. ಆಮೇಲೆ ಇವಳು ಹೇಗೆ ಬರೆಯುತ್ತಾಳೆಂದು ನೋಡಲು ಕೆಳಗಿಳಿದರು. ಇವಳು ಕಾಗದವಿಲ್ಲದೆ, ಅಳತೆಯಿಲ್ಲದೆ, ಒಂದು ಕಣ್ಣು ಮುಚ್ಚಿ ಕುಂಚ ಊರಿದಳು ಅಂದರೆ ಗೆರೆ ಹೋಗಿ ಬಂದು ಬಳ್ಳಿಯಾಗಿ ಕೂಡುತ್ತದೆ. ಎಡಗಣ್ಣು ಮುಚ್ಚುತ್ತಾಳೆ. ಗೆರೆ ಉದ್ದವಿದ್ದರೆ ಉಸಿರು ಹಿಡಿಯುತ್ತಾಳೆ. ಮೂಗುತಿ ಎಡಗಡೆ ಇದೆ.

ಗಿಳಿಯ ಕೊಕ್ಕು ಬರೆಯುವಾಗ ಮಾತ್ರ ನಾಲಿಗೆ ತುದಿ ಹೊರಗೆ ಬರುತ್ತದೆ. ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೋ ತಿಳಿಯದು. ಇಡೀ ದಿನ ಕೂತಲ್ಲೇ ಕೂತಿರುವವನಿಗೆ ಬೇರೆ ನೋಡಲು ಏನಿದೆ?

೧೬ ಡಿಸೆಂಬರ್

ಇಂದು ಬಹಳ ಕಷ್ಟದ ದಿನ. ಬಣ್ಣ ಕಲಸುತ್ತ ದೊರೆಸಾನಿ, ಗಂಡ ಇದ್ದಾನೆಯೇ ಕೇಳಿ ಎಂದರು. ಅಂಥದ್ದನ್ನು ನಮ್ಮಲ್ಲಿ ಕೇಳುವ ಪದ್ಧತಿಯಿಲ್ಲ ಎಂದೆ. ಕೊರಳಿನ ತಾಳಿ ಕಾಣುತ್ತಿದೆಯಲ್ಲ, ಕೇಳಲು ಏನಂತೆ ಎಂದರು. ಕೇಳಿದೆ. ಕರೀಮಸಾಬ್ ಗಾರೆ ಕಲಸುವುದನ್ನು ನಿಲ್ಲಿಸಿದ.

"ಅದಾರಂತ ಹೇಳ್ರಿ," ಅಂದಳು ಬಳ್ಳಿಗೆ ಎಲೆ ಹಾಕುತ್ತ. "ಬಾಳ ಶಾಣ್ಯಾ. ಊರ ಮಂದಿ ಮಾತೆಲ್ಲಾ ಆ ಭಾಷಾದಿಂದ ಈ ಭಾಷಾಕ ಹಾಕ್ತಾರ. ಮನ್ಯಾಗ ನಾ ಹದಿನೆಂಟು ವರ್ಷ ಕನ್ನಡದಾಗ ಮಾತಾಡಿದ್ರ ಅವರಿಗೆ ಒಂದೂ ತಿಳೀಲಿಲ್ಲ."

"ಇದ್ದಾರಂತೆ. ತಿಳಿದವರಂತೆ," ಎಂದೆ ಇಂಗ್ಲಿಷಿನಲ್ಲಿ.

ಕನ್ನಡದಲ್ಲಿ ಅದು ಬಹಳ ಉದ್ದ ಬರುತ್ತದಲ್ಲ ಎಂದರು ದೊರೆಸಾನಿ. ಉದ್ದವೇ ಬರುತ್ತದೆ ಎಂದೆ. ಕರೀಮಸಾಬನಿಗೆ ಕೆಮ್ಮು ಹತ್ತಿ ಹೊರಗೆ ಹೋದ.

೨೩ ಡಿಸೆಂಬರ್

ಕೊನೆಗೂ ನನ್ನ ಸರದಿ ಬಂತು. ತಕ್ಕಡಿಯ ಪಕ್ಕದಲ್ಲಿ ಒಬ್ಬ ಮನುಷ್ಯ ಬೇಕು, ನಿಲ್ಲುತ್ತೀರಾ ಎಂದು ದೊರೆಸಾನಿ ತಾವೇ ಕೇಳಿದರು. ಬೆಳಿಗ್ಗೆಯೇ ಕ್ಷೌರ ಮಾಡಿಸಿ, ರುಮಾಲು ತೊಳೆಸಿ, ವಿಭೂತಿ ಹಚ್ಚಿಕೊಂಡು ಹೋದೆ. ಎದೆಯುಬ್ಬಿಸಿ ನಿಂತೆ. ತಿರುಗಿ ಎಂದರು, ತಿರುಗಿದೆ. ಇನ್ನೂ ತಿರುಗಿ ಎಂದರು. ಪೂರ್ತಿ ಗೋಡೆಗೆ ಮುಖ ಮಾಡಿ ನಿಂತಾಗ ಸರಿ, ಅಲುಗಬೇಡಿ ಎಂದರು. ಮಧ್ಯಾಹ್ನದವರೆಗೆ ನಿಂತೆ.

ಗೋಡೆಯ ಮೇಲೆ ಬಂದದ್ದು ನನ್ನ ಬೆನ್ನು. ಕೊಡೆ ಹಿಡಿದು ಅತ್ತ ನೋಡುತ್ತ ನಿಂತ ಒಬ್ಬ ರುಮಾಲಿನವನ ಬೆನ್ನು. ಯಾರು ನೋಡಿದರೂ ಹಾಲಸಿದ್ದಪ್ಪ ಎಂದು ಹೇಳಲಾರರು.

"ಅಮ್ಮಾರಿಗೆ ಹೇಳ್ರಿ, ಬಾಳ ಹೊಂದೈತಿ," ಅಂದಳು ಚನ್ನವೀರಮ್ಮ. ಸಾಹುಕಾರರು ಬಂದು ನೋಡಿ, ಈ ಗೋಡೆಯಲ್ಲಿ ಎಲ್ಲಕ್ಕಿಂತ ಜೀವಂತವಾಗಿರುವುದು ಆ ಬೆನ್ನೇ ಎಂದರು. ಇವತ್ತು ಇನ್ನೇನೂ ಬರೆಯುವುದಿಲ್ಲ.

೩ ಜನವರಿ ೧೮೯೬

ಅಂಚು ಇನ್ನು ಕೆಲವೇ ಮೊಳ ಉಳಿದಿದೆ. ಅದು ಮುಗಿದರೆ ಅವಳು ಸಿರುಗುಪ್ಪಕ್ಕೆ ತಿರುಗಿ ಹೋಗುತ್ತಾಳೆ. ಹಂಪಕ್ಕ ಬಜಾರಿನಲ್ಲಿ ಸಿಕ್ಕಾಗ, ಗಂಟು ಬಿಚ್ಚೇ ಇಲ್ಲ ಆಕೆ ಎಂದಳು. ನನಗೆ ಭಯವಾಯಿತು. ಬರುತ್ತಾಳೆ, ಬರದೆ ಎಲ್ಲಿಗೆ ಹೋಗುತ್ತಾಳೆ ಎಂದುಕೊಂಡಿದ್ದೆ. ಹೋಗಲು ಅವಳಿಗೆ ಜಾಗ ಇದೆ, ಕೈಯಲ್ಲಿ ಕೆಲಸವೂ ಇದೆ. ಬಾ ಎಂದು ಹೇಳಬೇಕು. ನಾಲ್ಕು ಭಾಷೆಯಲ್ಲಿ ಯೋಚಿಸಿದೆ, ಒಂದರಲ್ಲೂ ಬಾಯಿಗೆ ಬರಲಿಲ್ಲ. ಇಷ್ಟು ವರ್ಷ ಬೇರೆಯವರ ಮಾತನ್ನೇ ಆಡಿದ್ದೇನೆ.

೮ ಜನವರಿ

ನಿನ್ನೆ ದೊರೆಸಾನಿ ಚಿತ್ರದ ನಡುವಿನ ಹೆಣ್ಣುಮಗಳ ಮುಖ ಬರೆದರು. ಕೊನೆಗೆ ಉಳಿಸಿಕೊಂಡಿದ್ದರು. ಕರೀಮಸಾಬ್ ಮೈಯೆಲ್ಲ ಕಣ್ಣಾಗಿ ಗಿಲಾವು ಹಚ್ಚಿದ್ದ. ದೊರೆಸಾನಿ ಉಣ್ಣಲೂ ಇಳಿಯಲಿಲ್ಲ. ಹೊತ್ತು ಇಳಿಯುವಾಗ ಕಣ್ಣು ಬರೆದು ಮುಗಿಸಿ, ಕೈ ತೊಳೆಯಲು ಹೊರಗೆ ಹೋದರು. ನಿಜ ಹೇಳಬೇಕೆಂದರೆ ನನಗೆ ಕೈ ಮುಗಿಯಬೇಕೆನ್ನಿಸಿತು.

ನೀರು ಹಾಕಲು ನಾನೂ ಹೋಗಿದ್ದೆ. ತಿರುಗಿ ಬಂದಾಗ ಆ ಹೆಣ್ಣುಮಗಳ ಕೆನ್ನೆಯ ಮೇಲೆ ಮಸಿಯ ಬೊಟ್ಟು. ಹಾಗಲಕಾಯಿ ಬೀಜದಷ್ಟು ಇದೆ. ಚನ್ನವೀರಮ್ಮ ಏಣಿಯಿಂದ ಇಳಿಯುತ್ತಿದ್ದಳು.

ದೊರೆಸಾನಿ ಒದ್ದೆ ಕೈಯಲ್ಲೇ ಗೋಡೆಯ ಹತ್ತಿರ ಓಡಿದರು. ಸುಣ್ಣ ಆಗಲೇ ಕುಡಿದುಬಿಟ್ಟಿತ್ತು. ಕರೀಮಸಾಬ್ ಹತ್ತಿ ನೋಡಿ, "ಹೋಗಂಗಿಲ್ಲ," ಎಂದು ಕೈಯಾಡಿಸಿದ. ಯಾರು ಮಾಡಿದ್ದು ಎಂದು ದೊರೆಸಾನಿ ಕೇಳಿದರು. ಅವರ ಅಂಥ ದನಿ ನಾನು ಹಿಂದೆ ಕೇಳಿರಲಿಲ್ಲ. ಚನ್ನವೀರಮ್ಮ ತಲೆಯೆತ್ತಿಯೇ ಹೇಳಿದಳು.

"ನಾನ ಇಟ್ಟೀನಿ. ಅಮ್ಮಾರಿಗೆ ಹೇಳ್ರಿ, ಇಷ್ಟು ಚಂದ ಬರದು ಹಂಗ ಬಿಟ್ರ ದೃಷ್ಟಿ ಆಗ್ತೈತಿ. ದಿನಾ ನೂರು ಮಂದಿ ನೋಡ್ತಾರ. ಕೂಸಿಗೆ ಇಡಂಗಿಲ್ಲೇನು? ಅಮ್ಮಾರದು ಒಂದು ಗ್ವಾಡಿ ಹೋಗೈತಿ. ಇದಾದ್ರೂ ಉಳೀಲಿ."

ದೊರೆಸಾನಿ ನನ್ನ ಕಡೆ ನೋಡಿದರು. ಇವಳನ್ನು ಈಗಲೇ ಕಳಿಸಿಬಿಟ್ಟರೆ? ಕಳಿಸಿದರೆ ಗಂಟು ಕಟ್ಟಿಯೇ ಇದೆ.

"ಅದನ್ನು ಇಟ್ಟವನು ನಾನೇ ಎನ್ನುತ್ತಿದ್ದಾಳೆ," ಎಂದೆ. "ಹೌದು, ನಾನೇ. ತಪ್ಪಾಯಿತು."

ಇಪ್ಪತ್ತು ವರ್ಷದ ಕೆಲಸದಲ್ಲಿ ಒಂದು ಮಾತು ತಿರುಚಿದವನಲ್ಲ. ದೊರೆಸಾನಿ ಅವಳ ಬೆರಳು ನೋಡಿದರು, ಮಸಿ ಹಾಗೇ ಇತ್ತು. ನನ್ನ ಕೈ ನೋಡಿದರು, ಎಲೆಅಡಿಕೆ ಸುಣ್ಣ ಬಿಟ್ಟು ಏನೂ ಇರಲಿಲ್ಲ.

"ಈಕೆ ನಿಮ್ಮ ಹೆಂಡತಿ, ಅಲ್ಲವೇ?" ಎಂದರು. "ಇಬ್ಬರು ಅಪರಿಚಿತರು ಇಷ್ಟು ಜೋಪಾನವಾಗಿ ಒಬ್ಬರ ಮುಖ ಒಬ್ಬರು ನೋಡದೆ ಇರುವುದನ್ನು ನಾನು ಕಂಡಿಲ್ಲ. ಸಿರುಗುಪ್ಪದಲ್ಲೇ ಗೊತ್ತಾಯಿತು. ಈಗ ಆಕೆ ನಿಜವಾಗಿ ಹೇಳಿದ್ದನ್ನು ಹೇಳಿ."

ಹೇಳಿದೆ, ಕೂಸಿನ ಮಾತನ್ನೂ ಗೋಡೆಯ ಮಾತನ್ನೂ. ದೊರೆಸಾನಿ ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತರು. ಇಷ್ಟು ಗೋಡೆ ಬರೆದಿದ್ದೇನೆ, ಅವಕ್ಕೆ ಏನಾದರೂ ಆದೀತೆಂದು ಹೆದರಿದವರು ಯಾರೂ ಇರಲಿಲ್ಲ ಎಂದರು. ಬೊಟ್ಟು ಅಲ್ಲೇ ಇರಲಿ ಎಂದರು. ಆಮೇಲೆ ಚನ್ನವೀರಮ್ಮನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಅಲ್ಲಿ ಅವರಿಗೆ ದುಭಾಷಿ ಬೇಕಾಗಲಿಲ್ಲ, ನಾನು ಹೋಗಿ ಕರೀಮಸಾಬನ ಗಾರೆ ಕಲಸಿದೆ.

೨೦ ಜನವರಿ

ಇವತ್ತು ದೊರೆಸಾನಿ ಮದ್ರಾಸಿನ ರೈಲು ಹತ್ತಿದರು. ಇಡೀ ಕೌಲ್ ಬಜಾರು ಸ್ಟೇಷನ್ನಿಗೆ ಬಂದಿತ್ತು. ಸಾಹುಕಾರರು ಹಾರ ಹಾಕಿದರು, ಆದೋನಿಯವರನ್ನು ಕರೆಸಿ ಗೋಡೆ ತೋರಿಸಿದ್ದಾರಂತೆ, ಮುಖದಲ್ಲಿ ಕಳೆಯೇ ಕಳೆ. ಚನ್ನವೀರಮ್ಮ ಕೆಮ್ಮಣ್ಣಿನ ಉಂಡೆಗಳನ್ನು ಸೀರೆ ತುಂಡಿನಲ್ಲಿ ಕಟ್ಟಿ ಕೊಟ್ಟಳು. ದೊರೆಸಾನಿ ತಮ್ಮ ಒಳ್ಳೆಯ ಕುಂಚಗಳನ್ನು ಇವಳಿಗೆ ಕೊಟ್ಟು, ನನಗೆ ಕೈಕುಲುಕಿ, ಇನ್ನು ಮುಂದೆ ಕೇಳಿದ್ದೆಲ್ಲ ಉದ್ದಕ್ಕೇ ಹೇಳಿ ಎಂದರು.

ರೈಲು ಹೋದ ಮೇಲೆ ಜನ ಚದುರಿದರು. ಅವಳು ಹಂಪಕ್ಕನ ಮನೆಯ ಕಡೆ ನಡೆದಳು. ನಾನು ಹಿಂದೆ ನಡೆದೆ. ಬೇವಿನ ಮರದ ಹತ್ತಿರ ನಿಂತಳು.

"ಅಮ್ಮಾರಿಗೆ ಹೇಳ್ರಿ..." ಎಂದು ಶುರು ಮಾಡಿ ನಿಲ್ಲಿಸಿದಳು.

"ಅಮ್ಮಾರು ಹೋದ್ರಲ್ಲ," ಅಂದೆ.

"ಹಂಗಾರ ನೀವ ಕೇಳ್ರಿ." ಆಗ ನನ್ನ ಮುಖ ನೋಡಿದಳು. "ಸುಣ್ಣ ಬಳಸಿದ್ರಿ. ಗ್ವಾಡಿ ಮ್ಯಾಲ ಏನಿತ್ತು, ಹೇಳ್ರಿ ನೋಡೋಣು."

"ಗಿಳಿ. ಬಳ್ಳಿ. ಎತ್ತು."

"ಮತ್ತ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ.

"ನೀವ ಇದ್ರಿ," ಅಂದಳು. "ನಾ ಬಂದ ವರ್ಷನ ಬರದಿದ್ದೆ. ಮೂಲ್ಯಾಗ, ಕಿಡಕಿ ಕೆಳಗ. ಮೀಸಿ ದಪ್ಪ ಆದ ಹಂಗ ದಪ್ಪ ಮಾಡೀನಿ. ಹೋದ ವರ್ಷ ಕಿವಿ ಹತ್ರ ಬಿಳಿ ಕೂದಲಾ ಇಟ್ಟೆ. ಇವತ್ತ ನೋಡ್ತಾರ, ನಾಳೆ ನೋಡ್ತಾರ, ಕೇಳ್ತಾರ ಅಂತಿದ್ದೆ."

ಎರಡು ತಿಂಗಳು ಆ ಪರದೇಶದವರ ಗೋಡೆಯ ಮೇಲೆ ಮುಖ ಬರಲೆಂದು ರುಮಾಲು ತೊಳೆಸಿಕೊಂಡು ತಿರುಗಿದವನು ನಾನು. ನಾಚಿಕೆಯಾಯಿತು. ಆ ಗೋಡೆಯ ಮೇಲೆ ನಾನು ಹೇಗಿದ್ದೆ ಎಂದೆ.

"ಓದಾಕತ್ತಿದ್ರಿ," ಅಂದಳು. "ತಲಿ ಎತ್ತಿರಲಿಲ್ಲ."

ಸಾಹುಕಾರರ ಬೀಗರು ಕುರುಗೋಡಿನಲ್ಲಿ ಕಟ್ಟಿಸಿದ ಛತ್ರದ ಜಗಲಿಯ ಗೋಡೆಗೆ ಚಿತ್ರ ಬರೆಯಲು ಕರೆದಿದ್ದಾರಂತೆ, ನಾಳೆ ಹೊರಡುತ್ತಾಳಂತೆ. ಹೇಳಿ ಹೋದಳು.

೨೧ ಜನವರಿ

ಕಿಟಕಿಯ ಕೆಳಗೆ ಮೊಳೆಯಿಂದ ಸುಣ್ಣ ಕೆರೆದೆ. ಬೆಳಿಗ್ಗೆಯಿಂದ ಕೆರೆದು ಹೆಬ್ಬೆರಳಿನಷ್ಟು ಕೆಂಪು ಕಾಣಿಸಿತು. ಅದು ಗಿಳಿಯ ಕೊಕ್ಕೋ ನನ್ನ ರುಮಾಲೋ ತಿಳಿಯಲಿಲ್ಲ. ಇನ್ನೂ ಕೆರೆದರೆ ಅದೂ ಉದುರಿತು.

೨೫ ಜನವರಿ

ಎರಡು ತಕರಾರು ಅರ್ಜಿ ತರ್ಜುಮೆ ಮಾಡಿಕೊಡಲು ಜನ ಬಂದಿದ್ದರು. ಆಗುವುದಿಲ್ಲ ಎಂದೆ.

೬ ಫೆಬ್ರವರಿ, ಕುರುಗೋಡು

ಮನೆಗೆ ಬೀಗ ಹಾಕಿ ಬಂದು ಒಂದು ವಾರವಾಯಿತು. ಯಾಕೆ ಬಂದಿರಿ ಎಂದು ಅವಳು ಕೇಳಲಿಲ್ಲ. ಬಾ ಎಂದು ಕರೆಯಲು ಬಂದೆನೆಂದು ಹೇಳಬೇಕೆಂದಿದ್ದೆ, ಜಗಲಿಯ ಮೇಲೆ ಬಾಗಿ ಕೆಲಸ ಮಾಡುತ್ತಿದ್ದವಳನ್ನು ನೋಡಿ, "ನಾನೂ ಇಲ್ಲೇ ಇರಲೇನು?" ಎಂದು ಬಾಯಿಗೆ ಬಂತು. "ಕೆಮ್ಮಣ್ಣು ಅರೀತೀರೇನು?" ಅಂದಳು. ಅರೆಯುತ್ತಿದ್ದೇನೆ. ಮೊದಲ ದಿನ ಗರಸು ಉಳಿಯಿತೆಂದು ಮತ್ತೆ ಅರೆಸಿದಳು. ರೊಟ್ಟಿ ಅವಳು ಬಡಿಯುತ್ತಾಳೆ, ಸುಡುವುದು ನಾನು. ಸುಡಲು ಬರುತ್ತದೆ.

ಅವಳು ಮಾತಾಡುತ್ತಾಳೆ. ಬಹಳ ಮಾತಾಡುತ್ತಾಳೆ! ಎತ್ತಿನ ಬಗ್ಗೆ, ಸಿರುಗುಪ್ಪದ ಹೊಳೆಯ ಬಗ್ಗೆ, ಹಂಪಕ್ಕನ ಅತ್ತೆಯ ಬಗ್ಗೆ. ನಡುನಡುವೆ ನಾನು ಏನಂದೆ ಹೇಳ್ರಿ ಎಂದು ಪರೀಕ್ಷೆ ಮಾಡುತ್ತಾಳೆ. ಇವತ್ತಿನವರೆಗೆ ಒಮ್ಮೆ ಮಾತ್ರ ಸಿಕ್ಕಿಬಿದ್ದಿದ್ದೇನೆ.

ಬೆಳಿಗ್ಗೆ, "ಆ ಕಂಬದ ಹತ್ರ ಕೂಡ್ರಿ," ಅಂದಳು. ಕೂತೆ. ಪೇಪರು ತೆಗೆದುಕೊಳ್ಳಲೇ ಎಂದೆ. ಬೇಡವೆಂದಳು. ರುಮಾಲು ಸರಿಮಾಡಿಕೊಳ್ಳಲು ಹೋದರೆ, "ಹಂಗ ಇರಲಿ," ಅಂದಳು. ಎಡಗಣ್ಣು ಮುಚ್ಚಿ ನನ್ನನ್ನು ನೋಡಿದಳು. ಹದಿನೆಂಟು ವರ್ಷದಲ್ಲಿ ಹೀಗೆ ಎಷ್ಟು ಸಲ ನೋಡಿದ್ದಾಳೋ! ಈ ಸಲ ನಾನೂ ಅವಳನ್ನೇ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅವಳಿಗೇ ನಾಚಿಕೆಯಾಗಿ ಗೋಡೆಯ ಕಡೆ ತಿರುಗಿದಳು.

ಬೆಳಕು ಹೋಗುವವರೆಗೆ ರುಮಾಲು, ಕಿವಿ, ಮೀಸೆ ಬಂದಿವೆ. ಕಣ್ಣು ನಾಳೆಯಂತೆ. ಅಲ್ಲಿವರೆಗೆ ತಲಿ ತಗ್ಗಿಸಬ್ಯಾಡ್ರಿ ಅಂದಿದ್ದಾಳೆ. ತಗ್ಗಿಸದೆ ಬರೆಯಲು ಬರುವುದಿಲ್ಲ, ಆದ್ದರಿಂದ ದಿನಚರಿ ಇಲ್ಲಿಗೆ ಸಾಕು.